ಡೇರೆ ಗೆಡ್ಡೆ ನೆಟ್ಟ ಮೇಲಿನ ಎಂಟು ವಾರ

ಡೇರೆ ಹೂವಿನ (ಡೇಲಿಯಾ) ಗೆಡ್ಡೆ ನೆಟ್ಟು, ಮಣ್ಣು ಮುಚ್ಚಿ, ಎದ್ದು ನಿಂತ ಕೂಡಲೇ ಕೈ ತಾನಾಗಿಯೇ ನೀರಿನ ಕೊಡದತ್ತ ಹೋಗುತ್ತದೆ. ಏನನ್ನು ನೆಟ್ಟರೂ ನೀರು ಹಾಕಬೇಕೆಂದು ಚಿಕ್ಕಂದಿನಿಂದ ಕಲಿತ ಕೈ ಅದು. ಮೊದಲ ವರ್ಷ ನನ್ನ ಕೈಯೂ ಹಾಗೆಯೇ ಹೋಯಿತು. ಹನ್ನೊಂದು ಗೆಡ್ಡೆ ನೆಟ್ಟಿದ್ದೆ. ದಿನವೂ ಬೆಳಿಗ್ಗೆ ಒಂದೊಂದಕ್ಕೂ ಒಂದೊಂದು ಚೊಂಬು ನೀರು. ಮೂರು ವಾರ ಕಳೆದರೂ ಏಳು ಕಡೆ ಮಣ್ಣು ಅಲುಗಲಿಲ್ಲ. ಬೆರಳಿನಿಂದ ಕೆದಕಿ ನೋಡಿದರೆ ಒಳಗೆಲ್ಲ ಲೋಳೆ. ಸಿಪ್ಪೆ ಮಾತ್ರ ಕೈಗೆ ಬಂತು. ಆ ಗೆಡ್ಡೆಗಳನ್ನು ಕೊಟ್ಟವರು ನನ್ನ ಚಿಕ್ಕಮ್ಮ. ಸಂಕಟದಿಂದಲೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ನೀರು ಕುಡಿಯುವುದಕ್ಕೆ ಅದಕ್ಕಿನ್ನೂ ಬಾಯಿಯೇ ಬಂದಿರಲಿಲ್ಲ ಕಣೇ" ಎಂದರು. "ಚಿಗುರು ಕಣ್ಣಿಗೆ ಬೀಳುವವರೆಗೆ ಅದನ್ನು ಅದರ ಪಾಡಿಗೆ ಬಿಡು."

ಆಮೇಲೆ ಹದಿನಾಲ್ಕು ವರ್ಷ ಡೇರೆ ಬೆಳೆಸಿದ್ದೇನೆ. ನೆಟ್ಟ ದಿನ, ಚಿಗುರು ಕಂಡ ದಿನ, ಕುಡಿ ಚಿವುಟಿದ ದಿನ ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿವೆ. ಅದನ್ನು ತಿರುವಿ ಹಾಕಿದಾಗಲೆಲ್ಲ ಒಂದು ಸಂಗತಿ ಎದ್ದು ಕಾಣುತ್ತದೆ. ನಾನು ಕಳೆದುಕೊಂಡ ಗಿಡಗಳಲ್ಲಿ ಹೆಚ್ಚಿನವು ಹೋದದ್ದು ಮೊದಲ ಎಂಟು ವಾರಗಳಲ್ಲಿ, ಹೆಚ್ಚಾಗಿ ನನ್ನ ಅವಸರಕ್ಕೆ. ಆ ಎಂಟು ವಾರ ದಾಟಿಸಿದರೆ ಡೇರೆ ತನ್ನನ್ನು ತಾನು ನೋಡಿಕೊಳ್ಳುವಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಏನು ಮಾಡಬೇಕು ಎಂಬುದರ ಜೊತೆಗೆ ಯಾವ ಕೆಲಸವನ್ನು ಎಲ್ಲಿಯವರೆಗೆ ತಡೆದಿಡಬೇಕು ಎಂಬುದನ್ನೂ ಇಲ್ಲಿ ಬರೆಯುತ್ತೇನೆ.

ಕಣ್ಣಿರುವ ಗೆಡ್ಡೆ

ಡೇರೆ ಗೆಡ್ಡೆಯನ್ನು ಆಲೂಗಡ್ಡೆಯಂತೆ ಎಂದು ತಿಳಿದವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಆಲೂಗಡ್ಡೆ ಎಂದರೆ ಉಬ್ಬಿದ ಕಾಂಡ, ಅದಕ್ಕೆ ಮೈತುಂಬ ಕಣ್ಣು. ಡೇರೆಯದು ಉಬ್ಬಿದ ಬೇರು. ಅದರ ಹೊಟ್ಟೆಯಲ್ಲಿ ಇನುಲಿನ್ ಎಂಬ ಸಕ್ಕರೆಯ ಜಾತಿಯ ಆಹಾರ ಸಂಗ್ರಹವಾಗಿರುತ್ತದೆಯೇ ಹೊರತು ಚಿಗುರುವ ಶಕ್ತಿ ಅಲ್ಲಿಲ್ಲ. ಕಣ್ಣು ಇರುವುದು ಹಳೆಯ ಕಾಂಡಕ್ಕೆ ಗೆಡ್ಡೆ ಅಂಟಿಕೊಂಡಿರುವ ನೆತ್ತಿಯಲ್ಲಿ ಮಾತ್ರ. ಗೆಡ್ಡೆ ಎಷ್ಟೇ ದಪ್ಪಗೆ, ಮಿರಮಿರ ಮಿಂಚುತ್ತಿದ್ದರೂ ನೆತ್ತಿಯ ಚೂರು ಅದರ ಜೊತೆ ಇಲ್ಲದಿದ್ದರೆ ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಹಾಗೆಯೇ ಮಲಗಿರುತ್ತದೆ, ಒಂದೆರಡು ಬೇರನ್ನೂ ಬಿಡಬಹುದು, ಆದರೆ ಮೇಲೆ ಏಳುವುದಿಲ್ಲ. ನನ್ನ ಹೆಬ್ಬೆರಳಿನಷ್ಟೇ ಇದ್ದ, ಆದರೆ ಕಣ್ಣಿದ್ದ ಗೆಡ್ಡೆಗಳು ಎದೆಯೆತ್ತರದ ಗಿಡಗಳಾದದ್ದನ್ನು ನೋಡಿದ್ದೇನೆ.

ನೆತ್ತಿಗೂ ಗೆಡ್ಡೆಗೂ ನಡುವೆ ಸಪೂರ ಕತ್ತೊಂದು ಇರುತ್ತದೆ. ಈ ಗಿಡದ ಅತಿ ಸೂಕ್ಷ್ಮವಾದ ಜಾಗ ಅದು. ಕತ್ತು ಒಮ್ಮೆ ಮಡಚಿಕೊಂಡರೆ, ಹೊರಗಿನ ಸಿಪ್ಪೆ ಸರಿಯಿದ್ದು ಒಳಗೆ ಮುರಿದಿದ್ದರೂ, ಗೆಡ್ಡೆಯ ಆಹಾರ ಕಣ್ಣಿಗೆ ತಲುಪುವುದಿಲ್ಲ. ಗೊಂಚಲನ್ನು ಎತ್ತುವಾಗ ಗೆಡ್ಡೆಗಳನ್ನು ಹಿಡಿದು ಎತ್ತಬೇಡಿ, ಹಳೆಯ ಕಾಂಡದ ಬುಡವನ್ನೂ ಹಿಡಿದು ತೂಗಬೇಡಿ. ಎರಡೂ ಅಂಗೈಗಳನ್ನು ಕೆಳಗೆ ಕೊಟ್ಟು ಎತ್ತಿಕೊಳ್ಳಿ.

ಕಣ್ಣು ಗುರುತಿಸುವುದು ಹೊಸಬರಿಗೆ ಕಷ್ಟ. ನಿದ್ರೆಯಲ್ಲಿರುವಾಗ ಅದು ಗುಂಡುಸೂಜಿಯ ತಲೆಯಷ್ಟು ಉಬ್ಬು, ಅಷ್ಟೆ. ನಾನು ನೆಡುವುದಕ್ಕೆ ಮೂರು ವಾರ ಮೊದಲೇ ಗೊಂಚಲುಗಳನ್ನು ಒಂದು ತಟ್ಟೆಯಲ್ಲಿಟ್ಟು, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವವಿರುವ ತೆಂಗಿನ ನಾರಿನ ಪುಡಿಯನ್ನು ಸುತ್ತ ತುಂಬಿ, ನೆತ್ತಿಯನ್ನು ಹೊರಗೆ ಬಿಟ್ಟು, ಬೆಳಕಿರುವ ಬೆಚ್ಚಗಿನ ಮೂಲೆಯಲ್ಲಿ ಇಡುತ್ತೇನೆ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕಣ್ಣುಗಳು ಉಬ್ಬಿ, ಕೆಲವು ತಿಳಿಹಸಿರು, ಕೆಲವು ಕಡುಗೆಂಪು ಬಣ್ಣಕ್ಕೆ ತಿರುಗುತ್ತವೆ. ಆಗ ಸಂಶಯವಿರುವುದಿಲ್ಲ. ದೊಡ್ಡ ಗೊಂಚಲನ್ನು ಬಿಡಿಸುವುದಿದ್ದರೆ ಇದೇ ಸಮಯ. ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು, ಪ್ರತಿಯೊಂದು ತುಂಡಿಗೂ ಒಂದು ಕಣ್ಣು, ಮುರಿಯದ ಕತ್ತು, ಒಂದು ಗಟ್ಟಿ ಗೆಡ್ಡೆ ಸಿಗುವಂತೆ ಕತ್ತರಿಸಿ. ಕೊಯ್ದ ಮೈ ಒಣಗಿ ಸಿಪ್ಪೆಗಟ್ಟುವವರೆಗೆ ಒಂದೆರಡು ದಿನ ನೆರಳಲ್ಲಿಡಿ. ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಮತ್ತೆ ಒರೆಸಿ. ಇದನ್ನು ನಾನು ಒಮ್ಮೆಯೂ ತಪ್ಪಿಸುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಗೆಡ್ಡೆ ಕೈಗೆ ಕ್ಯಾರೆಟ್‌ನಂತೆ ಗಟ್ಟಿಯಾಗಿರಬೇಕು. ಸ್ವಲ್ಪ ಸುಕ್ಕುಗಟ್ಟಿದ್ದರೆ ಚಿಂತೆಯಿಲ್ಲ, ನೆಡುವ ಮುನ್ನ ಒಂದು ಗಂಟೆ ನೀರಿನಲ್ಲಿಟ್ಟರೆ ಮೈ ತುಂಬಿಕೊಳ್ಳುತ್ತದೆ. ಒತ್ತಿದಾಗ ಬೆರಳು ಒಳಗಿಳಿದರೆ, ಅಥವಾ ಟೊಳ್ಳಾಗಿ ಬೆಂಡಿನಂತಿದ್ದರೆ ಬಿಟ್ಟುಬಿಡಿ. ನೆತ್ತಿಯ ಮೇಲೆ ಹೂಕೋಸಿನಂತೆ ಗಂಟುಗಂಟಾದ ಬೆಳವಣಿಗೆ, ಅಥವಾ ಒಂದೇ ಜಾಗದಲ್ಲಿ ಹತ್ತಾರು ಕುಬ್ಜ ಚಿಗುರುಗಳ ಗುಪ್ಪೆ ಕಂಡರೆ ಅದು ಗಂಟುರೋಗ. ಬ್ಯಾಕ್ಟೀರಿಯಾದಿಂದ ಬರುವ ಇದಕ್ಕೆ ಔಷಧಿಯಿಲ್ಲ. ಚಾಕುವಿನ ಅಲಗಿನ ಮೂಲಕ ಒಂದು ಗೆಡ್ಡೆಯಿಂದ ಮತ್ತೊಂದಕ್ಕೆ ಹರಡುತ್ತದೆ. ಚಾಕು ಒರೆಸುವ ವಿಷಯದಲ್ಲಿ ನನ್ನ ಹಟಕ್ಕೆ ಇದೇ ಕಾರಣ. ಅಂಥ ಗೊಂಚಲನ್ನು ಗೊಬ್ಬರದ ಗುಂಡಿಗೂ ಹಾಕದೆ ಪೂರ್ತಿ ಹೊರಗೆ ಸಾಗಿಸಿ. ಎಷ್ಟು ಇಷ್ಟದ ಬಣ್ಣವಾದರೂ ಸರಿ.

ಮಣ್ಣು ಬೆಚ್ಚಗಾದ ಮೇಲೆ

ಡೇರೆಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎತ್ತರದ ಗುಡ್ಡಗಾಡು. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂದ ಈ ಗಿಡಕ್ಕೆ 1791ರಲ್ಲಿ ಕವನಿಯೆಸ್ ಎಂಬ ಸಸ್ಯವಿಜ್ಞಾನಿ, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಗೌರವಾರ್ಥ ಡೇಲಿಯಾ ಎಂದು ಹೆಸರಿಟ್ಟರು. ಆ ಡೇಲಿಯಾವೇ ನಮ್ಮ ಬಾಯಲ್ಲಿ ಡೇರೆಯಾಗಿದೆ. ತವರಿನ ಸುದ್ದಿ ತೆಗೆದದ್ದು ಯಾಕೆಂದರೆ ಗಿಡದ ಸ್ವಭಾವವೆಲ್ಲ ಅಲ್ಲಿಯದೇ. ಇಳಿಜಾರಿನ ಮಣ್ಣು, ಅಂದರೆ ಬಿದ್ದ ನೀರು ನಿಲ್ಲದ ಮಣ್ಣು. ಒಣ ಚಳಿಗಾಲದಲ್ಲಿ ನಿದ್ರೆ, ನೆಲ ಬೆಚ್ಚಗಾದ ಮೇಲೆ ಎಚ್ಚರ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು. ಇವುಗಳಲ್ಲಿ ನಿಮ್ಮ ಅಂಗಳದಲ್ಲಿ ಯಾವುದು ಇಲ್ಲವೋ ಅದನ್ನು ನೀವು ಒದಗಿಸಬೇಕು.

ಹಿಮ ಬೀಳುವ ಕಡೆ ಇರುವವರು ಕೊನೆಯ ಹಿಮ ಕಳೆಯುವವರೆಗೆ ಕಾಯಬೇಕು. ಉಳಿದವರೂ ಕ್ಯಾಲೆಂಡರ್ ನೋಡುವ ಬದಲು ಮಣ್ಣಿಗೆ ಬೆರಳಿಡುವುದು ಒಳ್ಳೆಯದು. 10 ಸೆಂಟಿಮೀಟರ್ ಆಳದಲ್ಲಿ ಬೆಳಗಿನ ಹೊತ್ತು ಮಣ್ಣಿನ ಉಷ್ಣಾಂಶ 15 ಡಿಗ್ರಿ ಮುಟ್ಟಿರಬೇಕು, ಒಂದು ದಿನ ಮಾತ್ರವಲ್ಲ, ಸತತವಾಗಿ ನಾಲ್ಕೈದು ದಿನ. ತಣ್ಣನೆಯ ಹಸಿ ಮಣ್ಣಿನಲ್ಲಿ ಗೆಡ್ಡೆ ಚಿಗುರುವುದಿಲ್ಲ, ಕೊಳೆಯುವುದಕ್ಕೆ ಮಾತ್ರ ಸಮಯ ಸಿಗುತ್ತದೆ. ಹದಿನೈದು ದಿನ ತಡವಾಗಿ ಬೆಚ್ಚನೆಯ ಮಣ್ಣಿಗೆ ಹೋದ ಗೆಡ್ಡೆ, ಮೊದಲೇ ತಣ್ಣನೆಯ ಮಣ್ಣಿಗೆ ಹೋದದ್ದನ್ನು ಹಿಂದೆ ಹಾಕಿದ್ದನ್ನು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡಿದ್ದೇನೆ. ಬಿಸಿಲು ಕಾಯುವ ಊರುಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಸೆಕೆ ಇಳಿಯುವ ಕಾಲಕ್ಕೆ ನೆಡುವುದು ಕ್ಷೇಮ, ಏಕೆಂದರೆ ಸುಡುವ ಮಣ್ಣೂ ಎಳೆಬೇರಿಗೆ ಒಗ್ಗುವುದಿಲ್ಲ.

ಜಾಗ ಆರಿಸುವಾಗ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ನೋಡಿಕೊಳ್ಳಿ. ಬೆಳಗಿನ ಬಿಸಿಲಾದರೆ ಇನ್ನೂ ಉತ್ತಮ. ಆಮೇಲೆ ಒಂದು ಮೊಳ ಆಳದ ಗುಂಡಿ ತೆಗೆದು ನೀರು ತುಂಬಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೆಯ ಸಲದ ನೀರು ಮೂರು ನಾಲ್ಕು ಗಂಟೆ ಕಳೆದರೂ ಇಂಗದೆ ನಿಂತಿದ್ದರೆ ಅಲ್ಲಿ ನೆಡಬೇಡಿ. ಅಥವಾ ಮಣ್ಣನ್ನು ಒಂದು ಗೇಣಿಗಿಂತ ಹೆಚ್ಚು ಎತ್ತರಿಸಿ ಏರು ಮಡಿ ಮಾಡಿ. ನನ್ನ ಹಿತ್ತಲಿನ ಕೆಳಭಾಗ ಅಂಥ ಅಂಟುಮಣ್ಣಿನದು. ಅಲ್ಲಿ ಮಡಿ ಏರಿಸಿದ ಮೇಲೆ ಒಂದೇ ಒಂದು ಗೆಡ್ಡೆಯೂ ಕೊಳೆತಿಲ್ಲ. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರವನ್ನು ನೆಡುವುದಕ್ಕೆ ಕೆಲವು ವಾರ ಮೊದಲೇ ಮಣ್ಣಿಗೆ ಬೆರೆಸಿಡಿ. ಹಸಿ ಗೊಬ್ಬರ ಗೆಡ್ಡೆಗೆ ತಾಗಬಾರದು. ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, pH) 6.5ರ ಆಸುಪಾಸಿನಲ್ಲಿದ್ದರೆ ಡೇರೆಗೆ ಹಿತ.

ನೆಡುವುದು ಐದು ನಿಮಿಷದ ಕೆಲಸ. ಗುಂಡಿಯ ಆಳ 10ರಿಂದ 15 ಸೆಂಟಿಮೀಟರ್. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಮೇಲ್ಮುಖವಾಗಿರಲಿ. ಎತ್ತರ ಬೆಳೆಯುವ ಜಾತಿಗಳ ನಡುವೆ 60 ಸೆಂಟಿಮೀಟರ್ ಬಿಡಿ, ಗಿಡ್ಡ ಜಾತಿಗಳಿಗೆ ಅದರ ಅರ್ಧ ಸಾಕು. ನೆಟ್ಟ ದಿನ ಆ ಖಾಲಿ ಜಾಗ ಕಣ್ಣು ಕುಕ್ಕುತ್ತದೆ, ಮಧ್ಯೆ ಇನ್ನೊಂದು ಹಿಡಿಸಬಹುದು ಎಂದು ಅನ್ನಿಸುತ್ತದೆ. ಹಿಡಿಸಬೇಡಿ. ಮೂರು ತಿಂಗಳ ಮೇಲೆ ಗಾಳಿಯಾಡದ ಎಲೆಗಳ ಮೇಲೆ ಬೂದಿರೋಗ ಕುಳಿತಾಗ ಆ ಜಾಗದ ಬೆಲೆ ತಿಳಿಯುತ್ತದೆ.

ಆಸರೆಯ ಗೂಟವನ್ನು ಗೆಡ್ಡೆ ಇಟ್ಟಾಗಲೇ, ಮಣ್ಣು ಮುಚ್ಚುವ ಮುನ್ನವೇ ಹುಗಿಯಿರಿ. ಕಣ್ಣಿನ ಪಕ್ಕದಲ್ಲಿ ನಾಲ್ಕು ಬೆರಳು ದೂರಕ್ಕೆ. ಎತ್ತರದ ಜಾತಿಗೆ ಒಂದೂವರೆ ಮೀಟರಿನ ಗೂಟ ಬೇಕು, ಅದರಲ್ಲಿ ಒಂದು ಮೊಳವಾದರೂ ನೆಲದೊಳಗೆ ಇರಬೇಕು. "ಗಿಡ ದೊಡ್ಡದಾಗಲಿ, ಆಮೇಲೆ ಹುಗಿದರಾಯಿತು" ಎಂದು ಬಿಟ್ಟವರು, ಕಣ್ಣಿಗೆ ಕಾಣದ ಗೆಡ್ಡೆಯ ಮೇಲೆ ಗೂಟ ಹೊಡೆಯುತ್ತಾರೆ. ನಾಲ್ಕನೆಯ ವರ್ಷ ಹಳದಿ ಡೇರೆಯೊಂದಕ್ಕೆ ನಾನು ಹಾಗೆ ಮಾಡಿದೆ. ಗೂಟ ಇಳಿಯುವಾಗ ಕೈಗೆ ತಿಳಿದ ಆ "ಕಚ್" ಎಂಬ ಸದ್ದು ಇವತ್ತಿಗೂ ನೆನಪಿದೆ. ಗಿಡ ಹತ್ತು ದಿನದಲ್ಲಿ ಜೋತುಬಿತ್ತು.

ಅದೇ ಗೂಟಕ್ಕೆ ಹೆಸರಿನ ಚೀಟಿ ಕಟ್ಟಿ. ಡೇರೆಯ ಬೀಜದಿಂದ ತಾಯಿಯಂಥದೇ ಗಿಡ ಬರುವುದಿಲ್ಲ. ಗುಣಗಳನ್ನು ಹೊತ್ತೊಯ್ಯುವ ವರ್ಣತಂತುಗಳ ಗುಂಪು (ಸೆಟ್) ಅನೇಕ ಗಿಡಗಳಲ್ಲಿ ಎರಡಿದ್ದರೆ ತೋಟದ ಡೇರೆಯಲ್ಲಿ ಎಂಟು ಇವೆ. ಬಣ್ಣ, ಆಕಾರಗಳೆಲ್ಲ ಪ್ರತಿ ಬೀಜದಲ್ಲೂ ಹೊಸದಾಗಿ ಕಲಸಿಕೊಳ್ಳುತ್ತವೆ. ನಿಮಗೆ ಬೇಕಾದ ಅದೇ ಹೂವು ಬೇಕೆಂದರೆ ಗೆಡ್ಡೆ ಅಥವಾ ಕುಡಿಯ ತುಂಡು ಮಾತ್ರ ದಾರಿ. ಚೀಟಿ ಕಳೆದರೆ ಯಾವ ಗೆಡ್ಡೆ ಯಾವುದೆಂದು ನೋಡಿ ಹೇಳಬಲ್ಲವರು ಯಾರೂ ಇಲ್ಲ.

ನೀರಿಲ್ಲದ ವಾರಗಳು

ಈಗ ಕಷ್ಟದ ಕಾಲ. ನೆಟ್ಟಾಗ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ತಟ್ಟಿದರೆ ಉದುರುವಷ್ಟು ಹದವಾಗಿದ್ದರೆ ಅಷ್ಟೇ ತೇವ ಗೆಡ್ಡೆಗೆ ಸಾಕು. ಚಿಗುರಿಗೆ ಬೇಕಾದ ಆಹಾರ, ನೀರು ಎರಡನ್ನೂ ಗೆಡ್ಡೆ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ನೀರು ಹೀರುವ ಎಳೆಬೇರುಗಳು ಮೂಡುವುದು ಚಿಗುರಿನ ಜೊತೆಜೊತೆಗೆ. ಅದಕ್ಕೆ ಮೊದಲು ಹಾಕಿದ ನೀರು ಗೆಡ್ಡೆಯ ಸುತ್ತ ಸುಮ್ಮನೆ ನಿಂತು ಕೊಳೆಸುತ್ತದೆ. ಚಿಕ್ಕಮ್ಮ "ಬಾಯಿ ಬಂದಿರಲಿಲ್ಲ" ಎಂದದ್ದು ಅಕ್ಷರಶಃ ನಿಜ.

ಎಷ್ಟು ದಿನ ಕಾಯಬೇಕು? ಮೊದಲೇ ಕಣ್ಣು ಬರಿಸಿದ ಗೆಡ್ಡೆಗಳು ನನ್ನಲ್ಲಿ ಹತ್ತು ಹನ್ನೆರಡು ದಿನಕ್ಕೆ ತಲೆ ಹಾಕಿವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಕೆಲವು ಜಾತಿಗಳು ಐದು ಆರು ವಾರ ಎಳೆಯುತ್ತವೆ, ಅವು ಸತ್ತಿರುವುದಿಲ್ಲ. ಒಂದೇ ಗೊಂಚಲಿನಿಂದ ಬಿಡಿಸಿದ ಎರಡು ಗೆಡ್ಡೆಗಳೇ ಹದಿನೆಂಟು ದಿನದ ಅಂತರದಲ್ಲಿ ಎದ್ದದ್ದಿದೆ. ಆರು ವಾರ ದಾಟಿದರೆ ಮಾತ್ರ ಪಕ್ಕದಿಂದ ಬೆರಳಲ್ಲಿ ಮಣ್ಣು ಸರಿಸಿ ನೋಡಿ. ಮೇಲಿನಿಂದ ಕೆದಕಬೇಡಿ, ಮಣ್ಣಿನ ಕೆಳಗೆ ಅರ್ಧ ಇಂಚು ಬಾಕಿ ಇರುವ ಚಿಗುರು ಉಗುರಿಗೆ ಸಿಕ್ಕಿ ಮುರಿದರೆ ಮತ್ತೆ ಮೂರು ವಾರ. ಹಾಗೆ ಮುರಿದರೂ ಗೆಡ್ಡೆಯನ್ನು ಎಸೆಯಬೇಡಿ. ಮುರಿದ ಕಣ್ಣಿನ ಬುಡದಿಂದ ಹೊಸ ಕಣ್ಣು ಬರುವುದು ಈ ಗಿಡದ ದೊಡ್ಡ ಗುಣ.

ನೀರು ಬೇಡ ಎಂಬ ಮಾತಿಗೆ ಎರಡು ಹೊರತುಗಳಿವೆ. ಒಣಹವೆಯಲ್ಲಿ ಮೇಲಿನ ಒಂದು ಗೇಣು ಮಣ್ಣು ಧೂಳಾಗಿಹೋದರೆ ವಾರಕ್ಕೊಮ್ಮೆ ಸುತ್ತಲೂ ಚಿಮುಕಿಸಿ. ಕುಂಡದಲ್ಲಿ ಎಲೆ ಬಂದ ಸಸಿಯನ್ನೇ ತಂದು ನೆಟ್ಟಿದ್ದರೆ ಅದಕ್ಕೆ ಬೇರಿದೆ, ಹಾಗಾಗಿ ಮೊದಲ ದಿನದಿಂದಲೇ ನೀರು ಬೇಕು. ಅಂಥ ಸಸಿ ಒಳಾಂಗಣದಲ್ಲಿ ಬೆಳೆದಿದ್ದರೆ ಒಂದು ವಾರ ದಿನಕ್ಕಿಷ್ಟು ಹೊತ್ತು ಎಂದು ಹೊರಗಿಟ್ಟು ಬಿಸಿಲಿಗೆ ಪಳಗಿಸಿ ನೆಡಿ, ಇಲ್ಲವಾದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಎಡೆಬಿಡದೆ ಮಳೆ ಸುರಿಯುವ ಕಾಲದಲ್ಲಿ ನೆಟ್ಟರೆ ನೀರನ್ನು ತಡೆಯುವುದೇ ಕೆಲಸ. ಮಡಿಯ ಸುತ್ತ ಬಸಿಗಾಲುವೆ ತೆಗೆಯಿರಿ. ಚಿಗುರು ಬರುವವರೆಗೆ ನಾನು ಪ್ರತಿ ಗೆಡ್ಡೆಯ ಮೇಲೆ ಒಂದು ಹಳೆಯ ಕುಂಡವನ್ನು ಬೋರಲು ಹಾಕುತ್ತೇನೆ. ದಿನಕ್ಕೊಮ್ಮೆ ಎತ್ತಿ ನೋಡುವ ನೆಪವೂ ಸಿಗುತ್ತದೆ.

ಚಿಗುರು ಕಂಡ ರಾತ್ರಿ

ಚಿಗುರು ಕಂಡ ದಿನ ಸಂಭ್ರಮದ ದಿನ, ಅದೇ ರಾತ್ರಿ ಟಾರ್ಚ್ ಹಿಡಿದು ಕಾವಲಿಗೆ ಹೋಗಬೇಕಾದ ದಿನ. ಬಸವನಹುಳುಗಳಿಗೆ, ಅದರಲ್ಲೂ ಚಿಪ್ಪಿಲ್ಲದ ಜಾತಿಗೆ, ಡೇರೆಯ ಎಳೆ ಚಿಗುರಿನಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ. ಎರಡು ಎಲೆಯ ಹಂತದಲ್ಲಿ ಒಂದೇ ಹುಳು ಒಂದೇ ರಾತ್ರಿಯಲ್ಲಿ ಗಿಡವನ್ನು ನೆಲಸಮ ಮಾಡುತ್ತದೆ. ಬೆಳಿಗ್ಗೆ ಬಂದವರಿಗೆ ಗೆಡ್ಡೆ ಮೊಳೆಯಲೇ ಇಲ್ಲ ಎಂಬಂತೆ ಕಾಣುತ್ತದೆ. ಮಣ್ಣಿನ ಮೇಲೆ ಒಣಗಿದ ಬೆಳ್ಳಿಯ ಗೆರೆಯಿದ್ದರೆ ಯಾರ ಕೆಲಸವೆಂದು ತಿಳಿಯಿರಿ.

ಕತ್ತಲಾಗಿ ಎರಡು ಗಂಟೆಯ ಮೇಲೆ ಕೈಯಿಂದ ಹೆಕ್ಕುವುದೇ ನನ್ನ ಅನುಭವದಲ್ಲಿ ನಂಬಬಹುದಾದ ಉಪಾಯ. ಒಂದು ವಾರ ಬಿಡದೆ ಮಾಡಿದರೆ ಸಂಖ್ಯೆ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಒದ್ದೆ ಗೋಣಿಯ ತುಂಡನ್ನು ಮಡಿಯ ಪಕ್ಕ ಹಾಸಿಟ್ಟರೆ ಹಗಲು ಅದರಡಿ ಅಡಗುತ್ತವೆ, ಬೆಳಿಗ್ಗೆ ಎತ್ತಿ ತೆಗೆಯಬಹುದು. ಐರನ್ ಫಾಸ್ಫೇಟಿನ ಗುಳಿಗೆಗಳೂ ಕೆಲಸ ಮಾಡುತ್ತವೆ. ಚಿಗುರು ಬರುವ ಒಂದು ವಾರ ಮೊದಲೇ ಅಲ್ಲೊಂದು ಇಲ್ಲೊಂದು ಎಂಬಂತೆ ಉದುರಿಸಬೇಕು. ಬೂದಿಯ ಬಳೆ ಒಂದು ಮಳೆಗೆ ಕರಗಿಹೋಯಿತು. ಮೊಟ್ಟೆಯ ಚಿಪ್ಪಿನ ಪುಡಿಯ ಮೇಲೆ ಹುಳುಗಳು ನಿರಾಳವಾಗಿ ನಡೆದುಹೋದದ್ದನ್ನು ಟಾರ್ಚಿನ ಬೆಳಕಿನಲ್ಲಿ ನಾನೇ ನೋಡಿದ್ದೇನೆ.

ಬೆಳೆದ ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದ್ದು, ಮೇಲಿನ ಭಾಗ ತಿನ್ನದೆ ಹಾಗೆಯೇ ಇದ್ದರೆ ಅದು ಮಣ್ಣಿನಲ್ಲಿ ಸುರುಳಿ ಸುತ್ತಿ ಮಲಗುವ ಬೂದುಬಣ್ಣದ ಮರಿಹುಳುವಿನ ಕೆಲಸ. ಬುಡದ ಸುತ್ತ ಎರಡು ಬೆರಳು ಆಳ ಕೆದಕಿದರೆ ಸಿಗುತ್ತದೆ. ಉಳಿದ ಸಸಿಗಳಿಗೆ ರಟ್ಟಿನ ಪಟ್ಟಿಯನ್ನು ಬಳೆಯಂತೆ ಸುತ್ತಿ, ಅಂಚನ್ನು ಮಣ್ಣಿಗೆ ಒತ್ತಿಬಿಡಿ.

ಮೂರನೆಯದು ಗಿಡಹೇನು. ಎಳೆ ಕುಡಿಯ ಹಿಂಬದಿಯಲ್ಲಿ ಗುಂಪಾಗಿ ಕೂರುತ್ತವೆ. ರಸ ಹೀರುವುದಕ್ಕಿಂತ ದೊಡ್ಡ ಅಪಾಯವೆಂದರೆ ಅವು ಮೊಸಾಯಿಕ್ ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತವೆ. ನೀರಿನ ರಭಸದಿಂದ ತೊಳೆದುಹಾಕಿ, ಅಥವಾ ತಿಳಿಯಾದ ಸೋಪಿನ ನೀರನ್ನು ಸಂಜೆಯ ಹೊತ್ತು ಸಿಂಪಡಿಸಿ. ಎಲೆಯ ನರಗಳ ಉದ್ದಕ್ಕೂ ಹಳದಿ ಪಟ್ಟಿ ಮೂಡಿ, ಎಲೆ ಸುರುಟಿ, ಗಿಡ ಕುಳ್ಳಾಗಿ ನಿಂತರೆ ನಂಜು ಹಿಡಿದಿದೆ ಎಂದು ಸಂಶಯಪಡಬೇಕು. ಒಂದೇ ಎಲೆ ನೋಡಿ ನಿರ್ಧರಿಸಬೇಡಿ, ಪೋಷಕಾಂಶ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ಹೊಸ ಎಲೆಗಳೂ ಹಾಗೆಯೇ ಬರುತ್ತಿದ್ದರೆ ಗೆಡ್ಡೆ ಸಮೇತ ಕಿತ್ತುಹಾಕಿ. ಐದು ವರ್ಷ ಜೊತೆಗಿದ್ದ ಬಿಳಿ ಪಾಂಪಾನ್ (ಪುಟ್ಟ ಚೆಂಡಿನಂತೆ ಅರಳುವ ಡೇರೆ) ಒಂದನ್ನು ಹೀಗೆ ಕಿತ್ತ ದಿನ ನನಗೆ ಊಟ ರುಚಿಸಲಿಲ್ಲ, ಆದರೆ ಅದರ ಸುತ್ತಲಿನ ಆರು ಗಿಡ ಉಳಿದುಕೊಂಡವು.

ಚಿಗುರುಗಳು ಗುಂಪಾಗಿ ಬಂದರೆ ಬಲವಾದ ಮೂರ್ನಾಲ್ಕನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ತೆಗೆದವು ವ್ಯರ್ಥವಲ್ಲ. ನಾಲ್ಕು ಬೆರಳಿನಷ್ಟು ಉದ್ದವಿರುವ, ಒಳಗೆ ಇನ್ನೂ ಟೊಳ್ಳಾಗದ ಚಿಗುರನ್ನು ಬುಡಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳು ಮಿಶ್ರಿತ ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ಅದೇ ವರ್ಷ ಹೂವನ್ನೂ ಕೊಡುತ್ತದೆ.

ಕುಡಿ ಚಿವುಟುವುದು

ಇಡೀ ಋತುವಿನಲ್ಲಿ ಮನಸ್ಸು ಒಪ್ಪದ ಕೆಲಸ ಇದೊಂದೇ. ಐದು ವಾರ ಕಾದು, ರಾತ್ರಿ ಕಾವಲು ಕಾದು, ಈಗಷ್ಟೇ ಮೊಣಕಾಲೆತ್ತರ ತಲುಪುತ್ತಿರುವ ಗಿಡದ ತಲೆಯನ್ನು ನಮ್ಮ ಕೈಯಿಂದಲೇ ತೆಗೆಯಬೇಕು. ಪಕ್ಕದ ಮನೆಯ ಅಜ್ಜಿಗೆ ನಾನು ಕೊಟ್ಟ ಗಿಡದ ಕುಡಿ ಚಿವುಟಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡರು. ಆ ವರ್ಷ ಒಂದೇ ಗೊಂಚಲಿನ ಎರಡು ಗಿಡ ನಮ್ಮಿಬ್ಬರ ಅಂಗಳದಲ್ಲಿ ಬೆಳೆದವು, ಒಂದು ಚಿವುಟಿದ್ದು, ಒಂದು ಬಿಟ್ಟದ್ದು. ಅವರದು ಹನ್ನೆರಡು ದಿನ ಮೊದಲು ಹೂ ಬಿಟ್ಟಿತು, ನೆತ್ತಿಯ ಮೇಲೆ ಒಂದೇ ಒಂದು. ಆಮೇಲೆ ಗಾಳಿಗೆ ವಾಲಿತು. ನನ್ನದರಲ್ಲಿ ಮೊದಲ ದಿನವೇ ನಾಲ್ಕು ಅರಳಿದವು, ಏಳು ಕವಲುಗಳಲ್ಲಿ ಮೊಗ್ಗು ಕೂತಿತ್ತು. ಮರುವರ್ಷ ಅಜ್ಜಿ ತಾವೇ ಕತ್ತರಿ ತಂದರು.

ಡೇರೆಯ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಕವಲು ಮಲಗಿರುತ್ತದೆ. ತುದಿಯ ಕುಡಿ ಇರುವವರೆಗೆ ಅದರಲ್ಲಿ ತಯಾರಾಗುವ ರಸ ಕೆಳಗಿನ ಕವಲುಗಳನ್ನು ಮಲಗಿಸಿಯೇ ಇಡುತ್ತದೆ. ಕುಡಿ ಹೋದೊಡನೆ ಅವೆಲ್ಲ ಏಳುತ್ತವೆ. ಗಿಡ 30ರಿಂದ 40 ಸೆಂಟಿಮೀಟರ್ ಆದಾಗ, ನಾಲ್ಕು ಜೋಡಿ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ, ನಾಲ್ಕನೆಯ ಜೋಡಿಯ ಸರಿಯಾಗಿ ಮೇಲೆ ತುದಿಯನ್ನು ಚಿವುಟಿ. ನಾಲ್ಕು ಜೋಡಿಯೆಂದರೆ ಎಂಟು ಕವಲು. ಉಗುರಲ್ಲಿ ಚಿವುಟಿದರೆ ಪಟ್ಟನೆ ಬರುವಷ್ಟು ಎಳೆಯದಾಗಿರುವಾಗಲೇ ಮಾಡಿ. ಬಲಿತ ಕಾಂಡ ಒಳಗೆ ಟೊಳ್ಳು. ತಡವಾಗಿ ಕತ್ತರಿಸಿದರೆ ಆ ಕೊಳವೆಯಲ್ಲಿ ಮಳೆನೀರು ನಿಂತು ಕೆಳಗಿನವರೆಗೂ ಕೊಳೆ ಇಳಿಯಬಹುದು. ಒಣ ದಿನದ ಬೆಳಿಗ್ಗೆ ಆರಿಸಿಕೊಂಡರೆ ಗಾಯ ಸಂಜೆಯೊಳಗೆ ಒಣಗುತ್ತದೆ.

ಹೂವು ಒಂದೆರಡು ವಾರ ತಡವಾಗುತ್ತದೆ ಎಂಬುದು ನಿಜ. ಋತು ತೀರ ಚಿಕ್ಕದಿರುವ ಕಡೆ, ತಡವಾಗಿ ಎದ್ದ ಗಿಡವನ್ನು ಚಿವುಟದೆ ಬಿಡುವುದು ಸರಿ. ಪಾತಿಯ ಅಂಚಿಗೆ ಬೆಳೆಸುವ ಗಿಡ್ಡ ಜಾತಿಗಳು ತಾವಾಗಿಯೇ ಕವಲೊಡೆಯುತ್ತವೆ, ಅವುಗಳನ್ನೂ ಮುಟ್ಟಬೇಕಾಗಿಲ್ಲ.

ಆಮೇಲಿನ ದಿನಗಳು

ಚಿವುಟಿದ ಮೇಲೆ ಗಿಡದ ಹಸಿವು ಬಾಯಾರಿಕೆಗಳು ನಿಜವಾಗಿ ಶುರುವಾಗುತ್ತವೆ. ಈಗ ನೀರನ್ನು ಧಾರಾಳವಾಗಿ, ಆದರೆ ಅಂತರ ಬಿಟ್ಟು ಕೊಡಿ. ವಾರಕ್ಕೆ ಎರಡು ಮೂರು ಸಲ, ಬೇರಿನ ಆಳದವರೆಗೆ ಇಳಿಯುವಂತೆ, ಬುಡಕ್ಕೆ, ಬೆಳಗಿನ ಹೊತ್ತು. ದಿನವೂ ಮೇಲ್ಮೈ ತೋಯಿಸಿದರೆ ಬೇರುಗಳು ಮೇಲೆಯೇ ಉಳಿದು ಒಂದು ದಿನದ ಬಿಸಿಲಿಗೆ ಸೋಲುತ್ತವೆ. ಮಧ್ಯಾಹ್ನ ಎಲೆ ಬಾಡಿದಂತೆ ಕಂಡರೆ ಓಡಿಹೋಗಿ ನೀರು ಹಾಕಬೇಡಿ. ಸಂಜೆ ಅದೇ ಎಲೆ ಎದ್ದು ನಿಂತರೆ ಅದು ಬಿಸಿಲಿಗೆ ಕಣ್ಣುಮುಚ್ಚಿದ್ದಷ್ಟೇ. ಮರುದಿನ ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಮಣ್ಣಿಗೆ ಬೆರಳು ಹಾಕಿ ನೋಡಿ. ಒಳಗೆ ಹಸಿಯಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ, ನೀರು ನಿಲ್ಲಿಸಬೇಕು.

ಗೊಬ್ಬರದ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಸಾರಜನಕ ಹೆಚ್ಚಿರುವ ಯಾವುದನ್ನೂ ಡೇರೆಗೆ ಸುರಿಯಬೇಡಿ. ಯೂರಿಯಾ ಹಾಕಿದ ಗಿಡ ಎರಡು ವಾರದಲ್ಲಿ ಕಡುಹಸಿರಾಗಿ ಭುಸುಗುಟ್ಟುತ್ತದೆ, ನೋಡಿದವರೆಲ್ಲ ಹೊಗಳುತ್ತಾರೆ. ಹೂವು ಮಾತ್ರ ವಿರಳ, ಕಾಂಡ ಮೆತ್ತಗೆ, ಕೊನೆಯಲ್ಲಿ ಅಗೆದ ಗೆಡ್ಡೆ ಸಂಗ್ರಹದಲ್ಲಿ ಬಾಳುವುದಿಲ್ಲ. ಚಿಗುರು ಬಂದ ಒಂದು ತಿಂಗಳ ಮೇಲೆ ರಂಜಕ, ಪೊಟ್ಯಾಶ್ ಹೆಚ್ಚಿರುವ 5-10-10ರಂಥ (ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನ ಪ್ರಮಾಣ) ಮಿಶ್ರಣವನ್ನು ಬುಡದಿಂದ ಒಂದು ಗೇಣು ದೂರದಲ್ಲಿ ಉದುರಿಸಿ ನೀರು ಹಾಯಿಸಿ. ನೆಡುವಾಗಲೇ ಎಲುಬಿನ ಪುಡಿ ಒಂದು ಹಿಡಿ ಹಾಕಿದ್ದರೆ ಈಗ ಅಷ್ಟೂ ಬೇಕಾಗುವುದಿಲ್ಲ. ಕುಂಡದ ಗಿಡಗಳಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು. ಕುಂಡದ ಬಾಯಿ 30 ಸೆಂಟಿಮೀಟರಿಗಿಂತ ಕಿರಿದಾಗಿರದಿರಲಿ.

ಒಣ ಎಲೆಯ ಹೊದಿಕೆಯನ್ನು ಗಿಡ ಒಂದಡಿ ದಾಟಿದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಮಣ್ಣು ಬೆಚ್ಚಗಾಗುವುದಿಲ್ಲ, ಬಸವನಹುಳುಗಳಿಗೆ ಮನೆ ಕಟ್ಟಿಕೊಟ್ಟಂತೆಯೂ ಆಗುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳು ಖಾಲಿ ಬಿಡಿ. ಈ ಹೊತ್ತಿಗೆ ಎಳೆಬೇರುಗಳು ಮೇಲ್ಮಣ್ಣಿನಲ್ಲಿ ದೂರದವರೆಗೆ ಹರಡಿರುವುದರಿಂದ ಕಳೆಯನ್ನು ಕೈಯಿಂದಲೇ ಕೀಳಿ, ಗುದ್ದಲಿ ಬೇಡ.

ಮೊದಲ ಕಟ್ಟನ್ನು ಒಂದಡಿ ಎತ್ತರದಲ್ಲಿ ಕಟ್ಟಿ, ಮುಂದೆ ಪ್ರತಿ ಅಡಿಗೆ ಒಂದೊಂದು. ಹಳೆಯ ಹತ್ತಿ ಬಟ್ಟೆಯ ಪಟ್ಟಿಯೇ ನನಗೆ ಇಷ್ಟ. ತಂತಿ, ತೆಳು ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ಯುತ್ತವೆ. ಪಟ್ಟಿಯನ್ನು ಗೂಟಕ್ಕೆ ಬಿಗಿಯಾಗಿ ಸುತ್ತಿ, ನಡುವೆ ಒಮ್ಮೆ ತಿರುಚಿ, ಕಾಂಡದ ಸುತ್ತ ಒಂದು ಬೆರಳು ಹೋಗುವಷ್ಟು ಸಡಿಲ ಬಿಡಿ. ಕಾಂಡ ಆಮೇಲೆ ದಪ್ಪವಾಗುತ್ತದೆ ಎಂಬುದು ನೆನಪಿರಲಿ. ಗಿಡ ಎರಡಡಿ ಆದಾಗ ನೆಲಕ್ಕೆ ತಾಗುವ ಕೆಳಗಿನ ಎಲೆಗಳನ್ನು ಒಂದು ಗೇಣಿನವರೆಗೆ ತೆಗೆದರೆ ಬುಡದಲ್ಲಿ ಗಾಳಿಯಾಡುತ್ತದೆ, ಮಳೆಯ ಹನಿಗೆ ಚಿಮ್ಮುವ ಮಣ್ಣು ಎಲೆಗೆ ಮೆತ್ತುವುದಿಲ್ಲ.

ಎಂಟನೆಯ ವಾರದ ಹೊತ್ತಿಗೆ, ಬೇಗ ಹೂ ಬಿಡುವ ಜಾತಿಯಾದರೆ, ಕವಲಿನ ತುದಿಯಲ್ಲಿ ಬಟಾಣಿಯಷ್ಟು ದೊಡ್ಡ ಹಸಿರು ಗುಂಡು ಕಾಣುತ್ತದೆ, ಅದರ ಎರಡೂ ಬದಿಗೆ ಇನ್ನೂ ಚಿಕ್ಕವೆರಡು. ಬದಿಯ ಎರಡನ್ನು ತೆಗೆದರೆ ನಡುವಿನದು ದೊಡ್ಡದಾಗಿ ನೀಳ ತೊಟ್ಟಿನ ಮೇಲೆ ಅರಳುತ್ತದೆ. ಗಿಡದ ಮೊದಲ ಕವಲಿನಲ್ಲಿ ನಾನು ಮೂರನ್ನೂ ಬಿಡುತ್ತೇನೆ. ಎರಡನೆಯ ಕವಲಿನಿಂದ ತೆಗೆಯಲು ಶುರುಮಾಡುತ್ತೇನೆ.